ವಿಭೂತಿ ಹಚ್ಚಿದ ಚೀಲ

ಪತ್ರಿಕೆಯಲ್ಲಿ ಬಂದ ತನ್ನ ಫೋಟೋ ನೋಡುತ್ತಲೇ ಮುರಿಗೆಪ್ಪ ಬೆವರಿದ. ಕಡಲೆ ದಾನ ಕೊಟ್ಟವನೆಂದು ಹಾರ ಹಾಕಿಕೊಂಡು ನಿಂತ ಅವನ ಹಿಂದಿದ್ದ ಚೀಲಗಳ ಮೇಲೆ ವಿಭೂತಿಯ ಮೂರು ಗೆರೆಗಳಿದ್ದವು. ಮುಂಬಯಿಯ ಬೈಕುಲ್ಲಾದ ಅವನ ಕಾಳಿನ ಅಂಗಡಿಯಲ್ಲಿ ಹೆಂಡತಿ ದಾನವ್ವ ವಿಭೂತಿ ಹಚ್ಚುತ್ತಿದ್ದುದು ಬಿತ್ತನೆ ಕಡಲೆಯ ಚೀಲಗಳಿಗೆ ಮಾತ್ರ. ಹುಳು ಹತ್ತದಂತೆ ಅದಕ್ಕೆ ವಿಷ ಸವರಿದ್ದರು. ಪೂಜೆಯಾದ ಚೀಲವೇ ದಾನದ್ದೆಂದು ಹಮಾಲರು ಅದನ್ನೇ ಬಂದರಿನ ಲಾರಿಗೆ ಏರಿಸಿದ್ದರು.

"ಸಿಲೋನಿನಾಗ ನೆರೆ ಬಂದು ಮನಿ ಕಳಕೊಂಡ ಮಂದಿಗೆ ಕೊಟ್ಟಿದ್ದು ಇದನ್ನೇನ್ರೀ?" ಎಂದಳು ದಾನವ್ವ.

ಆ ಚೀಲಗಳನ್ನು ಹೊತ್ತ ಹಡಗು ಹೊರಡಲು ಒಂದು ತಾಸಿತ್ತು. ಬಾಯಿಬಿಟ್ಟರೆ, ಈ ದಾನದಿಂದ ಸಿಗಬೇಕಿದ್ದ ರಫ್ತು ಪರ್ಮಿಟ್ ಹೋಗಿ ಜೈಲೇ ಗತಿ.

"ಸಮುದ್ರದಾಚೆ ಹೋಗೂ ಮಾಲು. ಯಾರಿಗೆ ಗೊತ್ತಾಗತೈತಿ?" ಎಂದು ಅವನು ಪತ್ರಿಕೆ ಮಡಚಿದ.

"ಅಲ್ಲೂ ಹುಡುಗ್ರು ಕಡಲಿ ಉಸಳಿ ತಿಂತಾವ್ರಿ."

ಮುರಿಗೆಪ್ಪ ಬರಿಗಾಲಲ್ಲೇ ಬಂದರಿನತ್ತ ಓಡಿದ.