ಐದು ಕೈಯಗಲದ ಹಲಗೆ

ಬೆಳಗಾವಿಯ ಆ ಶಾಲೆಯ ಕ್ಯಾಂಟೀನಿನಲ್ಲಿ, ಊರಿನ ಎಲ್ಲ ಅಂಗಡಿಗಳಲ್ಲಿದ್ದಂತೆಯೇ, ಊಟಕ್ಕೆ ದುಡ್ಡಿನ ಬದಲು ಮೈಬಿಸಿಯನ್ನೇ ಕೊಡಬೇಕಿತ್ತು. ತಾಮ್ರದ ಹಲಗೆಯ ಮೇಲೆ ಅಂಗೈ ಇಟ್ಟರೆ ಅದು ಬೇಕಾದಷ್ಟು ಬಿಸಿ ಹೀರಿ ಹಸಿರು ದೀಪ ತೋರಿಸುತ್ತಿತ್ತು. ಮಕ್ಕಳು ನಡುಗುತ್ತಲೇ ಹರಟೆ ಹೊಡೆಯುತ್ತ ಊಟಕ್ಕೆ ಕೂರುತ್ತಿದ್ದರು.

ಶಿವಲೀಲಾಳ ಗೆಳತಿ ಕಸ್ತೂರಿ ಮಾತ್ರ ಟೈಫಾಯ್ಡ್‌ನಿಂದ ಎದ್ದು ಬಂದಾಗಿನಿಂದ ಶಾಲೆಯಲ್ಲಿ ಉಂಡಿರಲಿಲ್ಲ. ಅವಳ ತಣ್ಣನೆಯ ಕೈಗೆ ಹಲಗೆ ದಿನವೂ ಕೆಂಪು ದೀಪ ತೋರಿಸುತ್ತಿತ್ತು.

"ನನಗ ಹಸಿವಿಲ್ಲ ಬಿಡ" ಎನ್ನುತ್ತಿದ್ದಳು ಕಸ್ತೂರಿ.

ಆ ತಿಂಗಳು ವಿಜ್ಞಾನದ ಸರ್, ಕ್ಯಾಂಟೀನಿನ ಸಾಲು ಬೇಗ ಸಾಗುವಂಥ ಹಲಗೆ ಮಾಡಿಕೊಂಡು ಬನ್ನಿ ಎಂದು ಒಂಬತ್ತನೆಯ ತರಗತಿಗೆ ಪ್ರಾಜೆಕ್ಟ್ ಕೊಟ್ಟರು. ಎಲ್ಲರೂ ಥಟ್ಟನೆ ಬಿಸಿ ಹೀರುವ ಹಲಗೆ ಮಾಡಿದರೆ, ಶಿವಲೀಲಾ ಉದ್ದನೆಯದೊಂದನ್ನು ಹೊತ್ತು ತಂದಳು.

"ಇದೇನವಾ, ಬೆಂಚ್ ತಂದೀಯೇನ?" ಎಂದು ಅಡುಗೆಯ ಬಾಳಕ್ಕ ನಕ್ಕಳು.

"ಐದು ಮಂದಿ ಕೂಡಿ ಕೈ ಇಡೋದ ಬಾಳಕ್ಕ. ನೀವು ಐದು ತಾಟು ಬಡಸ್ರಿ."

ಶಿವಲೀಲಾ ಮತ್ತು ತರಗತಿಯ ಮೂವರು, ಹೀಗೆ ನಾಲ್ವರು ಕೈಯಿಟ್ಟರು. ಕಸ್ತೂರಿ ಹಿಂದೆ ಸರಿದಳು. "ನನ್ನಿಂದ ನಿಮ್ಮದೂ ಕೆಡತೈತಿ."

ಶಿವಲೀಲಾ ಅವಳ ಕೈಯನ್ನು ತಾನೇ ಎಳೆದು ಹಲಗೆಗೆ ಒತ್ತಿದಳು. ದೀಪ ಒಮ್ಮೆ ಮಿನುಗಿ ಹಸಿರಾಯಿತು. ಒಬ್ಬರೂ ನಡುಗಲಿಲ್ಲ. ದೀಪ ಹಸಿರಾದರೂ ಕಸ್ತೂರಿ ಕೈ ತೆಗೆಯಲೇ ಇಲ್ಲ.

"ಲೀಲಾ, ನನ್ನ ಕೈ ಬೆಚ್ಚಗಾಗಾಕತ್ತೈತಿ!"

ಹೀಗಾಗುತ್ತದೆಂದು ಶಿವಲೀಲಾಳೂ ಎಣಿಸಿರಲಿಲ್ಲ. ನಾಲ್ವರ ಬಿಸಿ ತಾಮ್ರದುದ್ದಕ್ಕೂ ಹರಿದು ಆ ತಣ್ಣನೆಯ ಅಂಗೈಯನ್ನು ಮುಟ್ಟಿತ್ತು.

ಸಾಲು ಬೇಗ ಸಾಗಿತೋ ಇಲ್ಲವೋ, ನೋಡಿದವರಿಲ್ಲ. ಕಸ್ತೂರಿ ತಾಟು ಬರಿದು ಮಾಡಿ ತಲೆಯೆತ್ತಿದಳು.

"ಬಾಳಕ್ಕ, ಇನ್ನೊಂದು ರೊಟ್ಟಿ ಹಾಕ್ರಿ."