ನೀರಿನಲ್ಲಿದ್ದವರು

ಪಾರ್ಸೆಲ್ ಬಂದದ್ದು ಸೊಸೆ ಶ್ರೀವಲ್ಲಿಯ ಹೆಸರಿಗೆ. ಒಡೆದವರು ಮಾವ ರಾಘಣ್ಣ.

ಒಳಗಿದ್ದದ್ದು ಗಾಜಿನಂಥ ದಪ್ಪ ಪ್ಲಾಸ್ಟಿಕ್ಕಿನ ಪೆಟ್ಟಿಗೆ. ಅದರ ಬಾಯಿಗೆ ರಬ್ಬರ್ ಉಂಗುರ, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿ, ಒಂದು ಕೆಂಪು ಫಿಲ್ಟರ್. ಜೊತೆಗೆ ಕಣ್ಣು ಮೂಗು ಮುಚ್ಚುವ ಮಾಸ್ಕ್. ಕ್ಯಾಮೆರಾವನ್ನು ಸಮುದ್ರದ ತಳಕ್ಕೆ ಒಯ್ಯುವವರ ಸರಂಜಾಮು. ಮಾಸ್ಕಿನ ಗಾಜು ಕನ್ನಡಕದ ನಂಬರಿಗೆ ಹೇಳಿ ಮಾಡಿಸಿದ್ದು ಎಂದು ಚೀಟಿಯಲ್ಲಿತ್ತು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಲ್ಲಿಗೆ ನೀರು ಬಂದರೇ ಅದೊಂದು ಸುದ್ದಿ. ಅಂಥ ಊರಲ್ಲಿ ಈ ಪೆಟ್ಟಿಗೆಗೇನು ಕೆಲಸ?

ರಾಘಣ್ಣ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಸೊಸೆ ಕುರುಗೋಡಿನ ಶಾಲೆಗೆ ಪಾಠ ಮಾಡಲು ಹೋಗಿದ್ದಳು. ಅವಳ ಮೇಜಿನ ಡ್ರಾ ಎಳೆದರು. ಶನಿವಾರಕ್ಕೆ ಮುರುಡೇಶ್ವರದ ಬಸ್ ಟಿಕೆಟ್ ಸಿಕ್ಕಿತು. ಸೀಟು ಎರಡು, ಹೆಸರು ಶ್ರೀವಲ್ಲಿಯದೊಂದೇ. ಮಗ ಸುಜಯೀಂದ್ರನಿಗೆ ಫೋನ್ ಹಚ್ಚಿ ಕೇಳಿದರು. ಅವನಿಗೆ ಮುರುಡೇಶ್ವರದ ಸುದ್ದಿಯೇ ಗೊತ್ತಿರಲಿಲ್ಲ.

ಎರಡನೇ ಸೀಟಿನ ಉತ್ತರ ಪಕ್ಕದ ಮನೆಯಲ್ಲಿತ್ತು. ಅಲ್ಲಿಯ ಭೀಮರಾಜ ಪಂಪ್‌ಸೆಟ್ ರಿಪೇರಿಯವನು. ಹೋದ ಭಾನುವಾರ ಅವನು ಕುರುಗೋಡಿನಲ್ಲಿ, ಶ್ರೀವಲ್ಲಿಯ ಜೊತೆಗಾರ್ತಿ ಕೊಟ್ರಬಸಮ್ಮ ಟೀಚರ ತೋಟದ ಬೇಲಿಯಾಚೆ ಕೆಲಸ ಮಾಡುತ್ತಿದ್ದ. ಶ್ರೀವಲ್ಲಿ ಬಾವಿ ಕಟ್ಟೆಯ ಮೇಲೆ ಕ್ಯಾಮೆರಾ ಹಿಡಿದು ಕೂತಿದ್ದಳಂತೆ. ಬಾವಿಯೊಳಗೆ ಯಾರೋ ಈಜು ಹೊಡೆಯುತ್ತಿದ್ದರಂತೆ. ಮುಖ ಕಾಣಲಿಲ್ಲ, ಆದರೆ ಆ ಸದ್ದು ಕೇಳಿದರೆ ಗಂಡಸೇ ಸೈ. ಶ್ರೀವಲ್ಲಿ ಬಗ್ಗಿ ಬಗ್ಗಿ ನೋಡಿ ನಗುತ್ತಿದ್ದಳಂತೆ. ಇನ್ನೊಬ್ಬರ ಮನೆಯ ಮಾತು ನಮಗೇಕೆಂದು ಭೀಮರಾಜ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಕೇಳಿದ ಮೇಲೆ ಮಾತ್ರ ಒಂದಕ್ಷರ ಉಳಿಸಿಕೊಳ್ಳಲಿಲ್ಲ.

ರಾಘಣ್ಣನ ಮೈ ಉರಿಯಿತು. ಆ ತೋಟದ ದಾರಿ ಹಿಡಿಸಿದವರು ಅವರ ಹೆಂಡತಿ ತಿರುಮಲಮ್ಮನೇ. ನಲ್ಲಿ ನೀರಿನ ಮಡಿ ಮಡಿಯೇ ಅಲ್ಲ, ಬಾವಿಯಿಂದ ಸೇದಿದ ನೀರೇ ಆಗಬೇಕೆಂದು ಆರು ತಿಂಗಳಿಂದ ಪ್ರತಿ ಭಾನುವಾರ ಸೊಸೆಯ ಜೊತೆ ಕುರುಗೋಡಿನ ಬಸ್ಸು ಹತ್ತುತ್ತಿದ್ದರು. ಬರುವಾಗ ಕೈತುಂಬ ತುಳಸಿ ತರುವರು. ಹೆಂಡತಿಯ ಆಚಾರದ ಬಗ್ಗೆ ರಾಘಣ್ಣ ಮಠದಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು. ಆ ಮುದುಕಿಯ ಭಕ್ತಿಯ ಮರೆಯಲ್ಲಿ ಸೊಸೆ ಇಂಥ ಆಟ ಹೂಡಿದಳಲ್ಲ!

ವಿಚಾರಣೆ ಮರುದಿನ ಬೆಳಿಗ್ಗೆ ನಡುಮನೆಯಲ್ಲಿ ಕೂಡಿತು. ಸುಜಯೀಂದ್ರ ಆಫೀಸಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತಿರುಮಲಮ್ಮ ಮಡಿಯಲ್ಲಿದ್ದರು. ಪೂಜೆ ಮುಗಿಯುವ ತನಕ ಅವರನ್ನು ಯಾರೂ ಮುಟ್ಟುವಂತಿರಲಿಲ್ಲ, ಹಾಗಾಗಿ ದೂರದಲ್ಲಿ ಅಡುಗೆಮನೆಯ ಬಾಗಿಲಿಗೆ ನಿಂತಿದ್ದರು.

ಪೆಟ್ಟಿಗೆ ಇವತ್ತೇ ವಾಪಸು ಹೋಗಬೇಕೆಂದು ರಾಘಣ್ಣ ಅಪ್ಪಣೆ ಕೊಡಿಸಿದರು. ಶ್ರೀವಲ್ಲಿ ಪೆಟ್ಟಿಗೆಯೊಳಗೆ ಒಂದು ಕಾಗದ ಮಡಿಸಿಟ್ಟು, ಬಾಯಿ ಬಿಗಿದು, ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿದಳು. ಕಾಗದ ಒದ್ದೆಯಾದರೆ ಪೆಟ್ಟಿಗೆ ವಾಪಸು ಹೋಗುತ್ತದೆ, ಬೇರೆ ಯಾವ ಕಾರಣಕ್ಕೂ ಹೋಗುವುದಿಲ್ಲ ಎಂದಳು.

"ಬಾವ್ಯಾಗ ಇದ್ದದ್ದು ಯಾರು?" ಎಂದರು ರಾಘಣ್ಣ.

"ಅವರ ಹೆಸರು ಹೇಳೂದಿಲ್ಲ, ಮಾವ. ಅವರಿಗೆ ಮಾತು ಕೊಟ್ಟೀನಿ."

ಅವರು. ಶ್ರೀವಲ್ಲಿ ಆ ಮನೆಗೆ ಬಂದಾಗಿನಿಂದ ಹೆಸರು ಹಿಡಿಯದೆ ‘ಅವರು’ ಎನ್ನುತ್ತಿದ್ದದ್ದು ಸುಜಯೀಂದ್ರನೊಬ್ಬನಿಗೆ. ಅವನ ಮುಖ ಕಪ್ಪಿಟ್ಟಿತು. ಅದನ್ನು ಕಂಡು ಶ್ರೀವಲ್ಲಿಗೆ ಸಂಕಟವಾಯಿತು. ಇವರೂ ನಂಬಿಬಿಟ್ಟರಲ್ಲ ಎಂದು ಸಂಕಟದ ಹಿಂದೆಯೇ ಸಿಟ್ಟು ಬಂತು.

ಹಾಗಾದರೆ ಈ ಕ್ಯಾಮೆರಾ ಯಾತಕ್ಕೆ ಎಂದು ಮಾವ ಕೇಳಿದರು.

"ನೀರಿನ ತಳದಾಗ ಕಂಡದ್ದನ್ನ ಬಾಯಿಲೆ ಹೇಳಿದ್ರ ಈ ಮನ್ಯಾಗ ಯಾರೂ ನಂಬೂದಿಲ್ಲ. ಅದಕ್ಕ."

ರಾಘಣ್ಣ ಹೆಂಡತಿಯ ಕಡೆ ತಿರುಗಿದರು. ಶ್ರೀವಲ್ಲಿ ತಿರುಮಲಮ್ಮನ ತಮ್ಮನ ಮಗಳು. ಸಿರುಗುಪ್ಪದ ಹೊಳೆ ದಂಡೆಯ ಆ ಮನೆಯ ಹೆಣ್ಣುಗಳ ಸೊಕ್ಕು ಎಂಥದೆಂದು ಮದುವೆಯಾದ ವರ್ಷವೇ ಗೊತ್ತಾಗಿತ್ತು, ಒಬ್ಬಳದನ್ನು ಇಳಿಸಿದ್ದೇನೆ, ಇನ್ನೊಬ್ಬಳದನ್ನೂ ಇಳಿಸುತ್ತೇನೆ ಎಂದರು. ಆಮೇಲೆ ಕೇಳಿದರು.

"ನೀನೂ ಅಲ್ಲೇ ಇದ್ದಿ. ನಿನ್ನ ಕಣ್ಣಿಗೆ ಯಾರೂ ಬೀಳಲಿಲ್ಲೇನು?"

"ನಾ ಇದ್ದ ಕಡಿಂದ ಶ್ರೀವಲ್ಲಿ ಒಬ್ಬಾಕೇ ಕಾಣ್ತಿದ್ಲು," ಎಂದರು ತಿರುಮಲಮ್ಮ.

ರಾಘಣ್ಣನಿಗೆ ಅಷ್ಟು ಸಾಕಾಗಿತ್ತು. ಹೆಂಡತಿ ಮುಗ್ಧೆ, ಸೊಸೆ ಕಿಲಾಡಿ. ಹೆಸರು ಹೇಳಬೇಕು, ಇಲ್ಲವೇ ಈ ಕ್ಷಣ ಸಿರುಗುಪ್ಪಕ್ಕೆ ಹೊರಡಬೇಕು, ಮತ್ತೆ ಈ ಹೊಸ್ತಿಲು ತುಳಿಯಬಾರದು ಎಂದು ತೀರ್ಪು ಕೊಟ್ಟರು. ಸುಜಯೀಂದ್ರ ಚೀಲದ ಜಿಪ್ಪು ಎಳೆಯುತ್ತ ಕೂತ. ತೆರೆದ, ಮುಚ್ಚಿದ, ಮತ್ತೆ ತೆರೆದ.

ಶ್ರೀವಲ್ಲಿ ಅಳಲಿಲ್ಲ. ಒಳಗೆ ಹೋಗಿ ಬಟ್ಟೆ ತುಂಬಿದ ಬ್ಯಾಗಿನೊಂದಿಗೆ ಹೊರಗೆ ಬಂದಳು.

"ಹೋಗ್ತೀನಿ ಮಾವ. ಆದ್ರ ಶನಿವಾರದ ಟಿಕೆಟ್ ಕೊಡ್ರಿ. ಅದೂ ನನ್ನ ಗಳಿಕೀದು."

ಅವಳು ಚಪ್ಪಲಿಗೆ ಕಾಲಿಡುವಷ್ಟರಲ್ಲಿ ತಿರುಮಲಮ್ಮ ನಡುಮನೆ ದಾಟಿ ಬಂದರು. ಬಂದವರೇ ಸೊಸೆಯ ಕೈ ಹಿಡಿದುಕೊಂಡರು. ಮಡಿ ಕೆಟ್ಟಿತೆಂದು ರಾಘಣ್ಣ ಕೂಗಿದರು. ಕೆಟ್ಟರೆ ಕೆಡಲಿ ಎಂಬಂತೆ ಆಕೆ ಬ್ಯಾಗು ಕಿತ್ತುಕೊಂಡು ಕೆಳಗಿಟ್ಟು, ಅದರ ಮೇಲೆ ಕೂತೇಬಿಟ್ಟರು.

"ಇಕಿಗೆ ಈಜಲಿಕ್ಕೇ ಬರೂದಿಲ್ಲ," ಎಂದರು ತಿರುಮಲಮ್ಮ. "ಬಾವ್ಯಾಗ ಇದ್ದಾಕಿ ನಾನು. ಶನಿವಾರ ಸಮುದ್ರಕ್ಕ ಇಳಿಯಾಕಿನೂ ನಾನೇ."