ಕೆಂಪು ಮೀನು

ಗಂಡನ ಉತ್ತರಕ್ರಿಯೆಯ ದಿನ ಯಾರು ಏನು ಮಾತು ಕೊಟ್ಟರೂ ಕಾಗೆ ಪಿಂಡ ಮುಟ್ಟಲಿಲ್ಲ. ಕೊನೆಗೆ ಪಂಕಜಾಕ್ಷಿ, "ರೀ, ನಿಮ್ಮ ಕೆಂಪು ಮೀನನ್ನ ನಾನು ನೋಡ್ಕೋತೀನಿ" ಎಂದಳು. ಆಗ ಇಳಿದು ಬಂತು.

ಇವತ್ತು ಮೀನಿನ ತೊಟ್ಟಿಯ ನೀರು ಬದಲಿಸಬೇಕಿತ್ತು. ಮೀನನ್ನು ಬೋಗುಣಿಗೆ ಬಿಟ್ಟು ಬಾಲ್ಕನಿಯಲ್ಲಿಟ್ಟಳು. ಪೈಪಿನ ಒಂದು ತುದಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದಳು. ಆ ತುದಿಗೆ ಬಾಯಿಟ್ಟು ಉಸಿರೆಳೆದು, ಬಾಯಿಗೆ ನೀರು ಬರುವ ಮೊದಲೇ ಪೈಪನ್ನು ಬಕೆಟ್ಟಿಗಿಳಿಸುವ ಹದ ಗಂಡನಿಗಷ್ಟೇ ಗೊತ್ತಿತ್ತು.

ಮಗಳು ಅಡುಗೆಮನೆಯಿಂದ ಇಣುಕಿದಳು. "ಅಮ್ಮಾ, ಬಾಲ್ಕನೀಲಿ ಕಾಗೆ ಕೂತಿದೆ. ಓಡಿಸ್ಲಾ?"

"ಬೇಡ ಕಣೇ. ನಂಗೆ ನೀರೆಳೆಯೋಕೆ ಬರತ್ತೋ ಇಲ್ವೋ ಅಂತ ನೋಡೋಕೆ ಬಂದಿದಾರೆ."

ಕಣ್ಣು ಮುಚ್ಚಿ ಜೋರಾಗಿ ಎಳೆದಳು. ಪಾಚಿನೀರು ಬಾಯಿ ತುಂಬಿತು.

ಕಣ್ಣು ತೆರೆದಾಗ ಕಾಗೆ ಅವಳನ್ನೇ ನೋಡುತ್ತಿತ್ತು; ಅದರ ಕೊಕ್ಕಿನಲ್ಲಿ ಕೆಂಪು ಬಾಲವೊಂದು ಇನ್ನೂ ಒದ್ದಾಡುತ್ತಿತ್ತು.